ಅಪ್ಪನ ಕುಪ್ಯ ಕಂಕುಳಲ್ಲಿ ಮೂರನೇ ಸಲ ಹರಿದಿದೆ, ಇನ್ನು ಹೇಗೆ ಹೊಲಿಯಲಿ?

ಕಾಫಿಹೂ, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಬಿಡದೆ ಮಳೆ. ಕಕ್ಕಡ ತಿಂಗಳಲ್ಲಿ ತೋಟದ ಕೆಲಸ ಕಡಿಮೆ ಅಂತ ಹಳೆ ಬಟ್ಟೆಗಳನ್ನೆಲ್ಲ ಹರಡಿಕೊಂಡು ರಿಪೇರಿಗೆ ಕೂತಿದ್ದೇನೆ. ಒಂದು ಬಟ್ಟೆ ಮಾತ್ರ ನನ್ನ ಕೈಗೆ ಬಗ್ಗುತ್ತಿಲ್ಲ.

ಅದು ಅಪ್ಪನ ಕಪ್ಪು ಕುಪ್ಯ, ನಮ್ಮ ಕೊಡವ ಗಂಡಸರು ಹಬ್ಬಕ್ಕೆ ಹಾಕುವ ಉದ್ದ ಕೋಟು. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಯಿತು. ಈಗ ತಮ್ಮ ಹಾಕುತ್ತಾನೆ. ಪುತ್ತರಿ ಸುಗ್ಗಿ ಹಬ್ಬಕ್ಕೆ ಊರ ಬಯಲಲ್ಲಿ, ಅಂದರೆ ಮಂದ್‌ನಲ್ಲಿ, ಕೋಲಾಟ ಆಡಲು ಅದೇ ಬೇಕು ಅವನಿಗೆ. ಹೊಸದು ಹೊಲಿಸೋಣ ಅಂದರೆ ಕೇಳುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಸದು ಬೇಡ.

ಬಲಗಡೆ ಕಂಕುಳ ಹತ್ತಿರ ಹರಿದಿದೆ. ಮೊದಲು ಪೇಟೆಯಲ್ಲಿ ಒಬ್ಬರು ಟೈಲರ್ ಹತ್ತಿರ ಕೊಟ್ಟೆ. ಮೇಲಿಂದ ಒಂದು ಸಾಲು ಹೊಲಿಗೆ ಹಾಕಿ ಕೊಟ್ಟರು. ಆ ವರ್ಷ ಕೋಲಾಟದಲ್ಲೇ ಬಿಟ್ಟುಹೋಯಿತು. ಆಮೇಲೆ ನಾನೇ ಒಳಗಿಂದ ಇಸ್ತ್ರಿ ಹಾಕಿ ಅಂಟಿಸುವ ಕ್ಯಾನ್ವಾಸ್ ಇಟ್ಟು, ಅದರ ಮೇಲೆ ಮಿಷನ್‌ನಲ್ಲಿ ಹಿಂದೆ ಮುಂದೆ ನಾಲ್ಕೈದು ಸಲ ಓಡಿಸಿದೆ. ಹೊಲಿಗೆ ಗಟ್ಟಿಯಾಗಿಯೇ ನಿಂತಿತು. ಆದರೆ ತೇಪೆಯ ಪಕ್ಕದಲ್ಲೇ ಹೊಸದಾಗಿ ಒಂದೂವರೆ ಇಂಚು ಹರಿಯಿತು. ಕೊನೆಗೆ ಎರಡೆಳೆ ದಾರ ಹಾಕಿ ಕೈಯಲ್ಲಿ ಹೊಲಿದೆ. ಅದೂ ಉಳಿಯಲಿಲ್ಲ.

ಬೆನ್ನ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ತೂತುಗಳು ಏಳೆಂಟು ಇವೆ. ಬೂಷ್ಟಿನ ವಾಸನೆ ಬೇರೆ.

ಇನ್ನೊಂದು ವಿಷಯ. ಅಜ್ಜಿಯ ಕೆಂಪು ರೇಷ್ಮೆ ಸೀರೆ ಇದೆ. ಸೆರಗು ಮಡಿಕೆಗಳ ಉದ್ದಕ್ಕೂ ಸೀಳಿಹೋಗಿದೆ, ಉಡಲು ಆಗುವುದಿಲ್ಲ. ಅದರ ತುಂಡಿನಿಂದ ಕುಪ್ಯದ ತೂತುಗಳ ಮೇಲೆ ಹೂವಿನ ಹಾಗೆ ಏನಾದರೂ ಕೂರಿಸಬಹುದಾ? ಅಜ್ಜಿ ಅಪ್ಪ ಇಬ್ಬರದೂ ಒಂದೇ ಬಟ್ಟೆಯಲ್ಲಿ ಇರಲಿ ಅಂತ ಆಸೆ.

ನನ್ನದು ಕಾಲಲ್ಲಿ ತುಳಿಯುವ ಹಳೆ ಕಪ್ಪು ಮಿಷನ್. ಈಗ ಅದೂ ಹಟ ಹಿಡಿದಿದೆ. ಬಟ್ಟೆಯ ಅಡಿಯಲ್ಲಿ ದಾರ ಸಿಕ್ಕು ಸಿಕ್ಕಾಗಿ ಬರುತ್ತದೆ. ಬಾಬಿನ್ ಕೇಸ್ ಬದಲಾಯಿಸಬೇಕಾ?

ಸೂಜಿಮಲ್ಲಿಗೆ, ಸೋಮವಾರಪೇಟೆ

ತಂಗೀ, ದಯವಿಟ್ಟು ಸದ್ಯಕ್ಕೆ ಒಂದು ಹೊಲಿಗೆಯನ್ನೂ ಹಾಕಬೇಡಿ. ಮೂರು ಸಲ ಒಂದೇ ಜಾಗ ಹರಿದಿದೆ ಅಂದರೆ ತಪ್ಪು ನಿಮ್ಮ ಹೊಲಿಗೆಯಲ್ಲಿ ಇಲ್ಲ. ಆ ಜಾಗವನ್ನು ಬೇರೆ ಯಾವುದೋ ಎಳೆಯುತ್ತಿದೆ. ಅದು ಏನು ಅಂತ ಮೊದಲು ಗೊತ್ತಾಗಲಿ.

ಮೂರು ವಿಷಯ ನೋಡಿ ಹೇಳಿ. ಒಂದು, ಬಟ್ಟೆ ಯಾವುದು? ಒಳಗಿನ ಮಡಿಕೆಯಿಂದ ಎರಡು ಎಳೆ ದಾರ ಬಿಡಿಸಿ, ಇಕ್ಕಳದಲ್ಲಿ ಹಿಡಿದು ತಟ್ಟೆಯ ಮೇಲೆ ಸುಡಿ. ಕೂದಲು ಸುಟ್ಟ ವಾಸನೆ ಬಂದು, ಕರಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ಹಾಗೆ ವಾಸನೆ ಬಂದು ಬೂದಿ ಉಳಿದರೆ ಹತ್ತಿ. ಕರಗಿ ಗಟ್ಟಿ ಮಣಿ ಆದರೆ ಪಾಲಿಯೆಸ್ಟರ್. ಉದ್ದಕ್ಕೆ ಇರುವ ಹಾಸು ದಾರ ಬೇರೆ, ಅಡ್ಡಕ್ಕೆ ಇರುವ ಹೊಕ್ಕು ದಾರ ಬೇರೆ ಸುಡಿ, ಎರಡೂ ಒಂದೇ ಆಗಿರಬೇಕು ಅಂತೇನಿಲ್ಲ.

ಎರಡು, ಜೇಬಿನ ಮೂಲೆ ಮತ್ತು ಕಾಲರ್ ಅಡಿ ಟಾರ್ಚ್ ಹಾಕಿ ನೋಡಿ. ಮರಳಿನಂಥ ಸಣ್ಣ ಕಾಳು, ಇಲ್ಲ ಬಿಳಿ ಜೇಡನೂಲಿನಂಥದ್ದು ಇದ್ದರೆ ಅದು ನುಸಿ. ಆಗ ತೂತು ಇನ್ನೂ ಜಾಸ್ತಿ ಆಗುತ್ತಲೇ ಇರುತ್ತದೆ, ಹೊಲಿದು ಪ್ರಯೋಜನ ಇಲ್ಲ.

ಮೂರು, ತಮ್ಮನಿಗೆ ಕುಪ್ಯ ಹಾಕಿಸಿ ಎರಡೂ ಕೈ ತಲೆಯ ಮೇಲೆ ಎತ್ತಲು ಹೇಳಿ. ಮೊದಲು ಸೊಂಟಕ್ಕೆ ಸುತ್ತುವ ರೇಷ್ಮೆ ಪಟ್ಟಿ, ಚೇಲೆ, ಕಟ್ಟದೆ ನೋಡಿ. ಆಮೇಲೆ ಚೇಲೆ ಬಿಗಿಯಾಗಿ ಕಟ್ಟಿ ನೋಡಿ. ಎರಡಕ್ಕೂ ಏನು ವ್ಯತ್ಯಾಸ ಅಂತ ತಿಳಿಸಿ.

ಹಳೇಮಿಷನ್, ಕುಶಾಲನಗರ

ಮಿಷನ್ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ಬಾಬಿನ್ ಕೇಸ್‌ಗೆ ದುಡ್ಡು ಹಾಕಬೇಡಿ. ಅಡಿಯಲ್ಲಿ ಸಿಕ್ಕು ಕಂಡರೆ ಎಲ್ಲರೂ ಅಡಿಯನ್ನೇ ಬಿಚ್ಚುತ್ತಾರೆ. ತೊಂದರೆ ಹೆಚ್ಚಾಗಿ ಮೇಲಿನ ದಾರದ್ದು. ಮೇಲಿನ ದಾರಕ್ಕೆ ಬಿಗಿ ಇಲ್ಲದಿದ್ದರೆ ಅದು ಸಡಿಲವಾಗಿ ಕೆಳಗೆ ಹೋಗಿ ಗುಡ್ಡೆ ಬೀಳುತ್ತದೆ.

ಬಟ್ಟೆ ಒತ್ತಿ ಹಿಡಿಯುವ ಫೂಟ್ ಮೇಲೆ ಎತ್ತಿಟ್ಟುಕೊಂಡು ದಾರ ಪೋಣಿಸಿ. ಫೂಟ್ ಕೆಳಗೆ ಇದ್ದಾಗ ಟೆನ್ಷನ್‌ನ ಎರಡು ಬಿಲ್ಲೆಗಳು ಕಚ್ಚಿಕೊಂಡಿರುತ್ತವೆ. ದಾರ ಅವುಗಳ ನಡುವೆ ಇಳಿಯದೆ ಮೇಲೇ ಜಾರಿಕೊಂಡು ಹೋಗುತ್ತದೆ. ಪೋಣಿಸಿದ ಮೇಲೆ ಫೂಟ್ ಇಳಿಸಿ ದಾರ ಎಳೆದು ನೋಡಿ. ಬಿಗಿ ಗೊತ್ತಾಗಬೇಕು. ಗೊತ್ತಾಗದಿದ್ದರೆ ಬಿಲ್ಲೆಗಳ ನಡುವೆ ಹಳೆ ದಾರದ ಚೂರು ಸಿಕ್ಕಿರಬಹುದು. ಒಂದು ಗಟ್ಟಿ ನೂಲನ್ನು ಅಲ್ಲಿ ಹಿಂದೆ ಮುಂದೆ ಎಳೆದರೆ ಹೊರಗೆ ಬರುತ್ತದೆ.

ಸೂಜಿ ಹೊಸದು ಹಾಕಿ. ಸೂಜಿಯ ಒಂದು ಬದಿಯಲ್ಲಿ ಉದ್ದ ಗೀರು ಇರುತ್ತದೆ, ದಾರ ಆ ಕಡೆಯಿಂದಲೇ ಒಳಗೆ ಹೋಗಬೇಕು. ಕುಪ್ಯದ ಬಟ್ಟೆಗೆ 14 ಇಲ್ಲ 16ನೇ ನಂಬರ್, ರೇಷ್ಮೆಗೆ 11. ಮಳೆಗಾಲದಲ್ಲಿ ಸೂಜಿಗೆ ಕಣ್ಣಿಗೆ ಕಾಣದಷ್ಟು ತುಕ್ಕು ಹಿಡಿಯುತ್ತದೆ. ಉಗುರಿನ ಮೇಲೆ ಎಳೆದರೆ ತರಿ ಗೊತ್ತಾಗುತ್ತದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಿಷನ್‌ನಲ್ಲಿ ಸೂಜಿ ಬಿಟ್ಟು ಏಳಬಾರದು.

ಎಣ್ಣೆ ಬಿಟ್ಟು ಎಷ್ಟು ದಿನ ಆಯಿತು? ಮಿಷನ್ ಎಣ್ಣೆಯನ್ನೇ ಬಿಡಿ. ಕೆಲವರು ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಹಾಕುತ್ತಾರೆ. ಅದು ಸ್ವಲ್ಪ ದಿನಕ್ಕೆ ಅಂಟಾಗಿ, ಚಳಿಗೆ ಗಟ್ಟಿಯಾಗಿ ಶಟಲ್ ಹಿಡಿದುಬಿಡುತ್ತದೆ. ಹಾಗೆ ಹಿಡಿದ ಮಿಷನ್‌ಗಳನ್ನು ಎಷ್ಟೋ ಬಿಚ್ಚಿ ತೊಳೆದಿದ್ದೇನೆ.

ಪರೀಕ್ಷೆ ಮಾಡಲು ಮೇಲೆ ಕೆಂಪು ದಾರ, ಬಾಬಿನ್‌ನಲ್ಲಿ ಬಿಳಿ ದಾರ ಹಾಕಿ ಹಳೆ ಬಟ್ಟೆಯ ಮೇಲೆ ಓಡಿಸಿ. ಅಡಿಯಲ್ಲಿ ಕೆಂಪು ಕಂಡರೆ ಮೇಲಿನ ಬಿಗಿ ಸಾಲದು. ಮೇಲೆ ಬಿಳಿ ಕಂಡರೆ ಬಿಗಿ ಜಾಸ್ತಿ ಆಯಿತು.

ಕಾಫಿಹೂ, ನಾಪೋಕ್ಲು

ಅಣ್ಣ, ಫೂಟ್ ಇಳಿಸಿಕೊಂಡೇ ಪೋಣಿಸುತ್ತಿದ್ದೆ. ಎತ್ತಿ ಪೋಣಿಸಿದೆ, ಸಿಕ್ಕು ನಿಂತಿತು! ಬಿಲ್ಲೆಗಳ ನಡುವಿಂದ ಹಸಿರು ದಾರದ ಚೂರು ಬಂತು. ಹಸಿರು ಬಟ್ಟೆ ನಾನು ಹೊಲಿದು ಎರಡು ವರ್ಷ ಆಗಿದೆ.

ಅಕ್ಕ, ದಾರ ಸುಟ್ಟು ನೋಡಿದೆ. ಕೂದಲಿನ ವಾಸನೆ ಬಂತು, ಆದರೆ ಪುಡಿಯ ಜೊತೆ ಸಣ್ಣ ಗಟ್ಟಿ ಮಣಿಯೂ ಆಯಿತು. ಹಾಗಾದರೆ ಮಿಶ್ರ ಇರಬೇಕು ಅಲ್ವಾ? ಜೇಬಿನ ಮೂಲೆಯಲ್ಲಿ ನೀವು ಹೇಳಿದ ಹಾಗೆ ಮರಳಿನಂಥ ಕಾಳು ಸಿಕ್ಕಿತು.

ಕೈ ಎತ್ತಿಸಿ ನೋಡಿದ್ದು ಮಾತ್ರ ಕಣ್ಣು ತೆರೆಸಿತು. ಚೇಲೆ ಇಲ್ಲದೆ ಕೈ ಎತ್ತಿದರೆ ಇಡೀ ಕುಪ್ಯ ನಾಲ್ಕು ಇಂಚು ಮೇಲೆ ಬರುತ್ತದೆ. ಎಲ್ಲೂ ಬಿಗಿ ಇಲ್ಲ. ಚೇಲೆ ಕಟ್ಟಿದ ಮೇಲೆ ಸೊಂಟದಲ್ಲಿ ಹಿಡಿದುಕೊಳ್ಳುತ್ತದೆ. ಮೇಲೆ ಬರಲು ಆಗದೆ ಪೂರ್ತಿ ಎಳೆತ ಕಂಕುಳಿಗೆ ಬೀಳುತ್ತದೆ. ನಾನು ಇಷ್ಟು ದಿನ ಚೇಲೆ ಕಟ್ಟದೆ ಹಾಕಿಸಿ, ಸರಿಯಾಯಿತು ಅಂದುಕೊಳ್ಳುತ್ತಿದ್ದೆ. ಅಪ್ಪ ತೆಳ್ಳಗೆ ಇದ್ದರು. ತಮ್ಮನ ಭುಜ ಅವರಿಗಿಂತ ಅಗಲ.

ಕತ್ತರಿಕೆಲಸ, ವಿರಾಜಪೇಟೆ

ಈಗ ವಿಷಯ ಸಿಕ್ಕಿತು. ಮಗಳೇ, ನಾನು ಮೂವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಕುಪ್ಯ ರಿಪೇರಿಗೆ ಬಂದರೆ ಹತ್ತರಲ್ಲಿ ಎಂಟು ಕಂಕುಳದ್ದೇ. ಅಪ್ಪನದ್ದು ಮಗ ಹಾಕುವುದು, ಅಜ್ಜನದ್ದು ಮೊಮ್ಮಗ ಹಾಕುವುದು ನಮ್ಮಲ್ಲಿ ವಾಡಿಕೆ. ಮೈ ಮಾತ್ರ ಒಂದೇ ಅಳತೆ ಇರುವುದಿಲ್ಲ.

ನಿಮ್ಮ ತೇಪೆ ಯಾಕೆ ಸೋತಿತು ಅಂತ ಮೊದಲು ಹೇಳುತ್ತೇನೆ. ಅಂಟಿನ ಕ್ಯಾನ್ವಾಸ್ ಗಟ್ಟಿ. ಅದರ ಅಂಚು ಮುಗಿದ ಕಡೆ ಹಳೆಯ ಮೆತ್ತಗಿನ ಬಟ್ಟೆ ಶುರುವಾಗುತ್ತದೆ. ಎಳೆದಾಗ ಗಟ್ಟಿ ಜಾಗ ಬಗ್ಗುವುದಿಲ್ಲ, ಅಂಚಿನಲ್ಲೇ ಬಟ್ಟೆ ಸೀಳುತ್ತದೆ. ಇನ್ನು ನಾಲ್ಕೈದು ಸಲ ಮಿಷನ್ ಓಡಿಸಿದ್ದೀರಿ. ಅಂಚೆಚೀಟಿ ಹಾಳೆಯಲ್ಲಿ ಹರಿಯಲಿ ಅಂತಲೇ ಸಾಲು ತೂತು ಹಾಕಿರುತ್ತಾರಲ್ಲ, ಅದೇ ಕೆಲಸವನ್ನು ನಿಮ್ಮ ಸೂಜಿ ಮಾಡಿದೆ. ಎರಡೆಳೆ ದಾರ ಬಟ್ಟೆಗಿಂತ ಗಟ್ಟಿ, ಹಾಗಾಗಿ ದಾರ ಉಳಿದು ಬಟ್ಟೆ ಹೋಯಿತು. ಹಳೆ ಬಟ್ಟೆಗೆ ಹಾಕುವ ದಾರ ಬಟ್ಟೆಗಿಂತ ಸ್ವಲ್ಪ ಬಡವಾಗಿಯೇ ಇರಬೇಕು. ಏನಾದರೂ ಹೋಗಲೇಬೇಕಾದರೆ ದಾರ ಹೋಗಲಿ, ಅದನ್ನು ಮತ್ತೆ ಹಾಕಬಹುದು.

ಆದರೆ ಎಷ್ಟು ಚೆನ್ನಾಗಿ ಹೊಲಿದರೂ ಅಲ್ಲಿ ಬಟ್ಟೆಯೇ ಸಾಲದು. ಬಟ್ಟೆ ಸೇರಿಸಬೇಕು. ಕಂಕುಳಿಗೆ ಡೈಮಂಡ್ ಪೀಸ್, ಅಂದರೆ ವಜ್ರದಾಕಾರದ ಬಟ್ಟೆ ತುಂಡು ಇಡಿ. ಎರಡೂ ಕಡೆ ಇಡಬೇಕು. ಒಂದೇ ಕಡೆ ಇಟ್ಟರೆ ಮುಂದಿನ ವರ್ಷ ಎಡಗಡೆ ಹರಿಯುತ್ತದೆ.

ತೋಳಿನ ಕೆಳಹೊಲಿಗೆಯನ್ನು ಕಂಕುಳಿನಿಂದ 3 ಇಂಚು ಬಿಚ್ಚಿ. ಪಕ್ಕದ ಹೊಲಿಗೆಯನ್ನು ಕೆಳಗೆ 3 ಇಂಚು ಬಿಚ್ಚಿ. ಬ್ಲೇಡ್ ಬೇಡ, ಹೊಲಿಗೆ ಬಿಚ್ಚುವ ಕೊಕ್ಕೆಯಲ್ಲಿ ಒಂದೊಂದೇ ತೆಗೆಯಿರಿ. ಕೈ ಎತ್ತಿಸಿದರೆ ಕಣ್ಣಿನ ಆಕಾರದಲ್ಲಿ ಬಾಯಿ ತೆರೆದುಕೊಳ್ಳುತ್ತದೆ. ಆ ಬಾಯಿ ಎಷ್ಟು ತೆರೆಯುತ್ತದೋ ಅಷ್ಟೇ ನಿಮಗೆ ಬೇಕಾದ ಬಟ್ಟೆ. ಸಾಮಾನ್ಯವಾಗಿ ಉದ್ದ 6 ಇಂಚು, ನಡುವಿನಲ್ಲಿ ಅಗಲ ಎರಡೂವರೆಯಿಂದ 3 ಇಂಚು ಬರುತ್ತದೆ. ಹರಿದ ಅಂಚನ್ನು ಕತ್ತರಿಸಿದರೆ ಅಷ್ಟು ಅಗಲ ಸೇರಿಸಿಕೊಳ್ಳಿ. ಸುತ್ತಲೂ ಅರ್ಧ ಇಂಚು ಹೊಲಿಗೆಗೆ ಬಿಡಿ. ತುಂಡನ್ನು ಕ್ರಾಸ್ ಆಗಿ, ಎಳೆಗೆ ಓರೆಯಾಗಿ ಕತ್ತರಿಸಿ. ನೇರ ಎಳೆಯಲ್ಲಿ ಕತ್ತರಿಸಿದ್ದು ಜಗ್ಗುವುದಿಲ್ಲ, ಕ್ರಾಸ್ ಆದರೆ ಕೈ ಹೋದ ಕಡೆ ತಾನೂ ಬರುತ್ತದೆ.

ಬಟ್ಟೆ ಎಲ್ಲಿಂದ ತರುವುದು ಅಂತ ಕೇಳುತ್ತೀರಿ. ಅಂಗಡಿಯ ಕಪ್ಪು ತಂದರೆ ಹೊಂದುವುದಿಲ್ಲ, ಹಳೆಯ ಕಪ್ಪು ಸ್ವಲ್ಪ ಕಂದಾಗಿರುತ್ತದೆ. ಕುಪ್ಯದಲ್ಲಿ ಒಂದು ಅನುಕೂಲ ಇದೆ. ಮುಂದೆ ಒಂದರ ಮೇಲೆ ಒಂದು ಬರುತ್ತದಲ್ಲ, ಅದರಲ್ಲಿ ಒಳಗೆ ಹೋಗುವ ಮಗ್ಗುಲು ಯಾರಿಗೂ ಕಾಣುವುದಿಲ್ಲ. ಅಲ್ಲಿ ಸೊಂಟದ ಕೆಳಗೆ ಎರಡು ತುಂಡಿಗೆ ಸಾಕಾಗುವಷ್ಟು ತೆಗೆಯಿರಿ. ತೆಗೆದ ಜಾಗಕ್ಕೆ ಬೇರೆ ಕಪ್ಪು ಬಟ್ಟೆ ಕೂರಿಸಿ. ಅಲ್ಲಿ ಬಿಸಿಲು ಬಿದ್ದಿಲ್ಲ, ಹಾಗಾಗಿ ಬಣ್ಣ ಸ್ವಲ್ಪ ಗಾಢ ಇರುತ್ತದೆ. ಚೇಲೆಯ ಅಡಿಯಲ್ಲಿ ಸೊಂಟದ ಪಟ್ಟಿ ಗಾಢ ಉಳಿದಿರುತ್ತದೆ ನೋಡಿ, ಹಾಗೆ. ಕಂಕುಳಲ್ಲಿ ಅದು ತಿಳಿಯುವುದಿಲ್ಲ.

ಸುತ್ತಲಿನ ಬಟ್ಟೆ ಬೆವರಿಗೆ ಸವೆದಿದ್ದರೆ ಒಳಗಿಂದ ಹಳೆ ಮಲ್ ಬಟ್ಟೆ (ತೆಳು ಹತ್ತಿ ಬಟ್ಟೆ) ಇಡಿ. ಹಳೆ ಪಂಚೆ ಆದರೆ ಇನ್ನೂ ಒಳ್ಳೆಯದು. ಸವೆದ ಜಾಗಕ್ಕಿಂತ ಎರಡು ಇಂಚು ಆಚೆ ಬರಲಿ. ಅಂಚನ್ನು ನೇರ ಕತ್ತರಿಸಬೇಡಿ, ಗರಗಸದ ಹಲ್ಲಿನ ಹಾಗೆ ಕತ್ತರಿಸಿ. ಎಳೆತ ಒಂದೇ ಗೆರೆಯ ಮೇಲೆ ಬೀಳಬಾರದು. ಒಂದೆಳೆ ದಾರದಲ್ಲಿ ಸಡಿಲವಾಗಿ ಕೈಹೊಲಿಗೆ ಹಾಕಿ.

ಮೊದಲು ಹಳೆ ಅಂಗಿಯ ಮೇಲೆ ಒಮ್ಮೆ ಮಾಡಿ ನೋಡಿ. ಇದನ್ನು ಬಿಡಬೇಡಿ.

ಸೂಜಿಮಲ್ಲಿಗೆ, ಸೋಮವಾರಪೇಟೆ

ಅಣ್ಣ ಹೇಳಿದ್ದು ಸರಿ. ಆದರೆ ಅದಕ್ಕೂ ಮೊದಲು ನುಸಿ. ಹಾರುವ ಹುಳು ಏನೂ ತಿನ್ನುವುದಿಲ್ಲ, ಅದರ ಮರಿಹುಳು ತಿನ್ನುವುದು. ಉಣ್ಣೆ, ರೇಷ್ಮೆ ಅದಕ್ಕೆ ಆಹಾರ, ಅದರಲ್ಲೂ ಬೆವರು ಕೊಳೆ ಇರುವ ಜಾಗ ಇನ್ನೂ ಇಷ್ಟ. ಹಬ್ಬ ಮುಗಿದ ಮೇಲೆ ಹಾಗೇ ಮಡಿಸಿ ಟ್ರಂಕಿಗೆ ಹಾಕಿದ್ದೀರಾ? ನಮ್ಮ ಮನೆಯಲ್ಲೂ ಹಾಗೇ ಮಾಡಿ ಒಂದು ಶಾಲು ಕಳೆದುಕೊಂಡೆವು.

ಕುಪ್ಯ ಚೆನ್ನಾಗಿ ಒಣಗಿರಬೇಕು. ಬೂಷ್ಟನ್ನು ಮನೆಯ ಹೊರಗೆ ನಿಂತು ಮೆತ್ತನೆ ಬ್ರಶ್‌ನಲ್ಲಿ ಝಾಡಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬ್ಲೀಚ್ ಮುಟ್ಟಲೇಬೇಡಿ. ಉಣ್ಣೆ ರೇಷ್ಮೆ ಎರಡೂ ಬ್ಲೀಚಿಗೆ ಕರಗುತ್ತವೆ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಫ್ರಿಜ್‌ನ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಮೈನಸ್ 18 ಡಿಗ್ರಿ ಇದ್ದರೆ ಮೊಟ್ಟೆಯೂ ಸಾಯುತ್ತದೆ. ಪದೇ ಪದೇ ಕರೆಂಟ್ ಹೋಗುತ್ತಿದ್ದರೆ ಇನ್ನೊಂದು ವಾರ ಇರಲಿ. ಹೊರಗೆ ತೆಗೆದ ಮೇಲೆ ಚೀಲ ತಕ್ಷಣ ಬಿಚ್ಚಬೇಡಿ, ಒಂದು ದಿನ ಹಾಗೇ ಬಿಡಿ. ಇಲ್ಲದಿದ್ದರೆ ತಣ್ಣನೆ ಬಟ್ಟೆಯ ಮೇಲೆ ನೀರು ಕೂತು ಮತ್ತೆ ಬೂಷ್ಟು ಬರುತ್ತದೆ. ಅಜ್ಜಿಯ ಸೀರೆಯನ್ನೂ ಇನ್ನೊಂದು ಚೀಲದಲ್ಲಿ ಇಟ್ಟುಬಿಡಿ. ಟ್ರಂಕ್ ಖಾಲಿ ಮಾಡಿ ಮೂಲೆಗಳನ್ನು ಒರೆಸಿ.

ನೆರಳು ನೀರು, ಧಾರವಾಡ

ಬೆನ್ನಿನ ತೂತುಗಳ ಮೇಲೆ ಕೆಂಪು ರೇಷ್ಮೆ ದಾರದಲ್ಲಿ ಕಸೂತಿ ಹಾಕಿದರೆ ಹೇಗೆ? ನಮ್ಮ ಕಡೆ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿ ಎರಡೂ ಮಗ್ಗುಲಿಗೆ ಒಂದೇ ಥರ ಕಾಣುತ್ತದೆ, ಗಂಟೇ ಇರುವುದಿಲ್ಲ. ಕಪ್ಪು ಬಟ್ಟೆಯ ಮೇಲೆ ಅದು ಎಷ್ಟು ಚೆಂದ ಅಂತ ಹೇಳಲಾರೆ. ನಮ್ಮಲ್ಲಿ ಚಂದ್ರಕಾಳಿ ಸೀರೆ ಅಂತ ಕಪ್ಪು ಸೀರೆಯ ಮೇಲೆ ಹಾಕುವುದೇ ಇದು.

ಕತ್ತರಿಕೆಲಸ, ವಿರಾಜಪೇಟೆ

ಕಸೂತಿ ನನಗೂ ಇಷ್ಟ ಅಮ್ಮಾ. ಆದರೆ ಕುಪ್ಯದ ಹೊರಮೈ ಮೇಲೆ ಬೇಡ. ಕಪ್ಪು ಕುಪ್ಯ ಬರೀ ಕಪ್ಪಗೆ ಇರಬೇಕು. ಬಣ್ಣ ಏನಿದ್ದರೂ ಚೇಲೆಯದ್ದು, ಹೊಳಪು ಏನಿದ್ದರೂ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯದ್ದು. ಮಂದ್‌ನಲ್ಲಿ ಎಲ್ಲರೂ ಒಂದೇ ಥರ ನಿಂತಾಗ ಒಬ್ಬನ ಬೆನ್ನ ಮೇಲೆ ಮಾತ್ರ ಹೂವು ಇದ್ದರೆ ಹಿರಿಯರಿಗೆ ಸರಿ ಕಾಣುವುದಿಲ್ಲ. ಆ ಹುಡುಗನಿಗೂ ಮುಜುಗರ. ಬಟ್ಟೆ ಉಳಿಸುವುದು ಅಂದರೆ ಅದು ಇದ್ದ ಹಾಗೆ ಉಳಿಸುವುದೂ ಸೇರುತ್ತದೆ. ಒಳಮೈ ನಿಮ್ಮದು. ಅಲ್ಲಿ ಏನು ಬೇಕಾದರೂ ಮಾಡಿ.

ಕಾಫಿಹೂ, ನಾಪೋಕ್ಲು

ಅವ್ವನೂ ಇದೇ ಮಾತು ಹೇಳಿದರು. ಹೊರಗೆ ಏನೂ ಹಾಕುವುದಿಲ್ಲ. ಒಳಗೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಈ ಕುಪ್ಯಕ್ಕೆ ಭುಜ ಮತ್ತು ಬೆನ್ನಿನ ಮೇಲ್ಭಾಗಕ್ಕೆ ಮಾತ್ರ ಲೈನಿಂಗ್ ಇದೆ, ಅದೂ ಚಿಂದಿ ಆಗಿದೆ. ಅದನ್ನು ತೆಗೆದು ಅಜ್ಜಿಯ ಸೀರೆ ಹಾಕಲಾ? ಸೆರಗಿನಲ್ಲಿ ಜರಿ ಜಾಸ್ತಿ, ಅದೇ ಚೆಂದ ಕಾಣುತ್ತದೆ.

ಸೂಜಿಮಲ್ಲಿಗೆ, ಸೋಮವಾರಪೇಟೆ

ಹಾಕಿ, ಆದರೆ ಸೆರಗು ಬೇಡ. ಮಡಿಕೆಯ ಗೆರೆಯಲ್ಲಿ ಸೀಳಿದ ರೇಷ್ಮೆಯ ಎಳೆಗಳೇ ಮುರಿದಿರುತ್ತವೆ. ಅದಕ್ಕೆ ಎಷ್ಟು ಹೊಲಿದರೂ ಪಕ್ಕದಲ್ಲಿ ಸೀಳುತ್ತದೆ, ನಿಮ್ಮ ಕಂಕುಳ ಕಥೆಯೇ. ಜರಿ ಅಂಚು ರೇಷ್ಮೆಗಿಂತ ಭಾರ, ಅದು ಮೆತ್ತಗಾದ ರೇಷ್ಮೆಯನ್ನು ಎಳೆಯುತ್ತದೆ. ಮೈಭಾಗದಲ್ಲಿ, ನೆರಿಗೆಗೆ ಹೋಗುತ್ತಿದ್ದ ಕಡೆ ನೋಡಿ. ಎರಡು ಹೆಬ್ಬೆರಳಿಂದ ಹಿಡಿದು ಮೆಲ್ಲಗೆ ಎಳೆಯಿರಿ, ಹಾಸಿನ ಕಡೆಗೂ, ಹೊಕ್ಕಿನ ಕಡೆಗೂ. ಎಲ್ಲಿ ಚಿರ್ ಅನ್ನುವುದಿಲ್ಲವೋ ಅದನ್ನು ತೆಗೆದುಕೊಳ್ಳಿ. ಬೆಳಕಿಗೆ ಹಿಡಿದರೂ ತೆಳುವಾದ ಜಾಗ ಕಾಣುತ್ತದೆ.

ಬಣ್ಣ ಬಿಡುತ್ತದಾ ಅಂತ ನೋಡುವುದು ಮುಖ್ಯ. ಕುಪ್ಯದ ಒಳಗೆ ಬಿಳಿ ಅಂಗಿ ಇರುತ್ತದೆ. ಒದ್ದೆ ಬಿಳಿ ಬಟ್ಟೆಯನ್ನು ಸೀರೆಯ ಮೂಲೆಗೆ ಐದು ನಿಮಿಷ ಒತ್ತಿ ಹಿಡಿಯಿರಿ. ಕೆಂಪು ಹತ್ತಿದರೆ ಕುತ್ತಿಗೆ ಮತ್ತು ಕಂಕುಳ ಹತ್ತಿರ ಆ ರೇಷ್ಮೆ ಬರಬಾರದು. ಬೆನ್ನಿನ ನಡುವೆ ಮಾತ್ರ ಇಡಿ, ಸುತ್ತಲೂ ಬೇರೆ ಬಟ್ಟೆ ಹಾಕಿ.

ರೇಷ್ಮೆ ಒಂದನ್ನೇ ಹಾಕಬೇಡಿ. ಅಡಿಯಲ್ಲಿ ಮಲ್ ಬಟ್ಟೆ ಇಟ್ಟು ಎರಡನ್ನೂ ಸೇರಿಸಿ ಓಟದ ಹೊಲಿಗೆ ಹಾಕಿ, ಕೌದಿ ಹಾಕುವ ಹಾಗೆ. ಸಾಲಿನಿಂದ ಸಾಲಿಗೆ ಅರ್ಧ ಇಂಚು. ಆಗ ಭಾರ ಹೊರುವುದು ಮಲ್ ಬಟ್ಟೆ, ರೇಷ್ಮೆ ಸುಮ್ನೆ ಮೇಲೆ ಕೂತಿರುತ್ತದೆ. ದಾರವನ್ನು ಎಳೆದು ಬಿಗಿ ಮಾಡಬಾರದು. ಅಂಗೈ ಅಡಿಯಲ್ಲಿ ಇಟ್ಟು ಹೊಲಿದರೆ ಸುಕ್ಕು ಬರುವುದಿಲ್ಲ. ಬೆನ್ನಿನ ನಡುವೆ ಮೇಲಿಂದ ಕೆಳಗೆ ಒಂದು ಸಣ್ಣ ಮಡಿಕೆ ಬಿಡಿ, ಅರ್ಧ ಇಂಚಿನದು. ಲೈನಿಂಗ್ ಯಾವಾಗಲೂ ಕೋಟಿಗಿಂತ ಸ್ವಲ್ಪ ಸಡಿಲ ಇರಬೇಕು.

ತೂತುಗಳಿಗೆ ರಫ್ ಹಾಕಿ. ಹೊಸ ದಾರ ಬೇಡ, ಕುಪ್ಯದ ಒಳಮಡಿಕೆಯಿಂದಲೇ ಒಂದು ಗೇಣು ಉದ್ದದ ಎಳೆಗಳನ್ನು ಬಿಡಿಸಿಕೊಳ್ಳಿ. ಅದೇ ಬಣ್ಣ, ಅದೇ ದಪ್ಪ. ತೂತಿನ ಸುತ್ತ ಒಂದು ಸೆಂಟಿಮೀಟರ್ ಆಚೆಯ ಗಟ್ಟಿ ಬಟ್ಟೆಯಿಂದ ಶುರು ಮಾಡಿ. ಮೊದಲು ಹಾಸಿನ ಕಡೆ ಪಕ್ಕಪಕ್ಕ ಎಳೆಗಳು. ಆಮೇಲೆ ಹೊಕ್ಕಿನ ಕಡೆ ಒಂದು ಬಿಟ್ಟು ಒಂದು ಎತ್ತಿ ನೇಯಿರಿ. ತಿರುಗುವ ಕಡೆ ದಾರವನ್ನು ಸಣ್ಣ ಕುಣಿಕೆಯಾಗಿ ಸಡಿಲ ಬಿಡಿ. ಹಗಲು ಬೆಳಕಿನಲ್ಲೇ ಮಾಡಿ. ಕಪ್ಪಿನ ಮೇಲೆ ಕಪ್ಪು ರಾತ್ರಿ ಕಾಣುವುದಿಲ್ಲ, ಕಣ್ಣು ಹಾಳು.

ಕಾಫಿಹೂ, ನಾಪೋಕ್ಲು

ಮೂರು ವಾರ ಫ್ರೀಜರ್ ಆಯಿತು. ಕೈಲ್ ಪೊಳ್ದ್ ಹಬ್ಬ ಹತ್ತಿರ ಬಂದು ಮನೆಯಲ್ಲಿ ಮಾಂಸಕ್ಕೆ ಜಾಗ ಬೇಕು ಅಂತ ಗಲಾಟೆ, ಅದಕ್ಕೇ ತೆಗೆದೆ. ರಫ್ ಆರು ತೂತಿಗೆ ಆಯಿತು. ಮೊದಲ ಎರಡು ಉಬ್ಬಿಕೊಂಡಿವೆ, ಉಳಿದವು ಚೆನ್ನಾಗಿ ಬಂದಿವೆ.

ಡೈಮಂಡ್ ಪೀಸ್ ಹಳೆ ಅಂಗಿಯ ಮೇಲೆ ಮಾಡಿ ನೋಡಿದೆ. ಎರಡು ತುದಿಯಲ್ಲೂ ಸುಕ್ಕು. ಇಸ್ತ್ರಿಗೂ ಹೋಗುವುದಿಲ್ಲ. ಎರಡು ಸಲ ಬಿಚ್ಚಿ ಹಾಕಿದೆ, ಅದೇ ಸುಕ್ಕು. ಫೋಟೋ ಹಾಕಿದ್ದೇನೆ, ಎಲ್ಲಿ ತಪ್ಪುತ್ತಿದೆ?

ಕತ್ತರಿಕೆಲಸ, ವಿರಾಜಪೇಟೆ

ಫೋಟೋ ನೋಡಿದೆ. ಹೊಲಿಗೆಯನ್ನು ಬಟ್ಟೆಯ ಅಂಚಿನ ತನಕ ಓಡಿಸಿದ್ದೀರಿ. ಅಂಚಿಗಿಂತ ಅರ್ಧ ಇಂಚು ಮೊದಲೇ, ಹಳೆ ಹೊಲಿಗೆ ನಿಂತಿರುವ ಬಿಂದುವಿನಲ್ಲೇ ನಿಲ್ಲಬೇಕು. ಒಂದು ಹೊಲಿಗೆಯೂ ಆಚೆ ಹೋಗಬಾರದು. ಆ ಬಿಂದುವನ್ನು ಸೀಮೆಸುಣ್ಣದಿಂದ ನಾಲ್ಕೂ ಕಡೆ ಗುರುತು ಮಾಡಿಕೊಳ್ಳಿ. ತುದಿಯಿಂದ ಶುರು ಮಾಡಿ ಅಗಲದ ಮೂಲೆಗೆ ಬನ್ನಿ, ಅಲ್ಲಿ ತೋಳಿನ ಸುತ್ತುಹೊಲಿಗೆ ಸರಿಯಾಗಿ ಕೂಡಬೇಕು. ದಾರ ಕತ್ತರಿಸಿ. ಮತ್ತೆ ಇನ್ನೊಂದು ತುದಿಯಿಂದ ಶುರು ಮಾಡಿ. ಒಂದೇ ಓಟದಲ್ಲಿ ಸುತ್ತಲು ಹೋದರೆ ತುದಿಯಲ್ಲಿ ಬಟ್ಟೆ ತಿರುಚುತ್ತದೆ. ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಕೊಳ್ಳಿ, ಪಿನ್ನು ಸಾಲದು. ಇಂಚಿಗೆ ಎಂಟರಿಂದ ಹತ್ತು ಹೊಲಿಗೆ ಬರುವ ಹಾಗೆ ಮಿಷನ್ ಇಡಿ. ಇನ್ನೂ ಸಣ್ಣದು ಬೇಡ, ಅಂಚೆಚೀಟಿ ನೆನಪಿರಲಿ.

ಉಬ್ಬಿದ ರಫ್‌ಗೆ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಯನ್ನು ಒತ್ತಿ ಎತ್ತಿ. ಉಜ್ಜಬೇಡಿ. ಉಣ್ಣೆ ಹಬೆಗೆ ಬಗ್ಗುತ್ತದೆ.

ಹಳೇಮಿಷನ್, ಕುಶಾಲನಗರ

ಒಂದು ಮಾತು ಸೇರಿಸುತ್ತೇನೆ. ತುದಿ ಬಂದಾಗ ಕಾಲು ತುಳಿಯುವುದು ನಿಲ್ಲಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ. ಕೊನೆಯ ನಾಲ್ಕು ಹೊಲಿಗೆ ಕೈಯಲ್ಲೇ ಆಗಲಿ. ಕಾಲು ಮಿಷನ್ ಇರುವವರಿಗೆ ಇದೊಂದು ಸುಖ, ಬೇಕಾದ ಕಡೆ ಸರಿಯಾಗಿ ನಿಲ್ಲುತ್ತದೆ.

ಕಾಫಿಹೂ, ನಾಪೋಕ್ಲು

ಬಂತು! ಮೊದಲು ಅಂಗಿಯಲ್ಲಿ ಬಂತು, ಈ ವಾರ ಕುಪ್ಯದ ಎರಡೂ ಕಡೆ ಮುಗಿಸಿದೆ. ತಮ್ಮನಿಗೆ ಚೇಲೆ ಬಿಗಿಯಾಗಿ ಕಟ್ಟಿ, ಕೈಯಲ್ಲಿ ಕೋಲು ಕೊಟ್ಟು ಅಂಗಳದಲ್ಲಿ ಅರ್ಧ ಗಂಟೆ ಆಡಿಸಿದೆ. ಕಂಕುಳಲ್ಲಿ ಒಂದು ಎಳೆಯೂ ಕದಲಲಿಲ್ಲ. ಸೊಂಟದಲ್ಲೂ ಕುಪ್ಯ ಮೇಲೆ ಬರಲಿಲ್ಲ. ಕೈ ಇಳಿಸಿದರೆ ಅಲ್ಲಿ ತುಂಡು ಇದೆ ಅಂತಲೇ ಗೊತ್ತಾಗುವುದಿಲ್ಲ.

ಒಳಗೆ ಅಜ್ಜಿಯ ಸೀರೆ ಕೂತಿದೆ. ಬಣ್ಣ ಸ್ವಲ್ಪ ಬಿಟ್ಟಿತು, ಹಾಗಾಗಿ ಕುತ್ತಿಗೆಯ ಸುತ್ತ ಕಪ್ಪು ಹತ್ತಿ ಬಟ್ಟೆ ಹಾಕಿ ಬೆನ್ನಿನ ನಡುವೆ ಮಾತ್ರ ಕೆಂಪು ಇಟ್ಟೆ. ಧಾರವಾಡದ ಅಕ್ಕ, ನಿಮ್ಮ ಗವಂತಿಯನ್ನು ವಿಡಿಯೋ ನೋಡಿ ಕಲಿತು ಆ ಕೆಂಪಿನ ಅಂಚಿಗೆ ಒಂದು ಸಾಲು ಹಾಕಿದ್ದೇನೆ, ಕಪ್ಪು ದಾರದಲ್ಲಿ. ಎರಡು ಕಡೆ ಎಣಿಕೆ ತಪ್ಪಿದೆ, ಬಿಚ್ಚಲಿಲ್ಲ. ಅವ್ವ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಈ ಸೀರೆಯನ್ನು ಅಜ್ಜಿ ಅವ್ವನ ಮದುವೆಗೆ ಉಟ್ಟಿದ್ದರಂತೆ, ನನಗೆ ಗೊತ್ತೇ ಇರಲಿಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಬೂಷ್ಟಿನ ವಾಸನೆ ಪೂರ್ತಿ ಹೋಗಿಲ್ಲ. ಪುತ್ತರಿ ತನಕ ಎಲ್ಲಿ ಇಡಲಿ?

ಸೂಜಿಮಲ್ಲಿಗೆ, ಸೋಮವಾರಪೇಟೆ

ಓದಿ ಮನಸ್ಸು ತುಂಬಿತು ತಂಗೀ.

ಬಿಸಿಲು ಬಂದ ದಿನ ಒಳಮೈ ಹೊರಗೆ ಮಾಡಿ ನೆರಳಲ್ಲಿ, ಗಾಳಿ ಆಡುವ ಕಡೆ ತೂಗುಹಾಕಿ. ರೇಷ್ಮೆಗೆ ನೇರ ಬಿಸಿಲು ಬೇಡ. ತಂತಿಯ ಹ್ಯಾಂಗರ್ ಬೇಡ, ಅಗಲದ್ದು ಹಾಕಿ ಅದಕ್ಕೆ ಬಟ್ಟೆ ಸುತ್ತಿ. ಕೆಂಡದ ಮೇಲೆ ಬುಟ್ಟಿ ಕವುಚಿ ಮಳೆಗಾಲದಲ್ಲಿ ಬಟ್ಟೆ ಒಣಗಿಸುತ್ತೇವಲ್ಲ, ಇದನ್ನು ಹಾಗೆ ಒಣಗಿಸಬೇಡಿ. ಆ ಬಿಸಿಗೆ ಉಣ್ಣೆ ಒರಟಾಗುತ್ತದೆ, ಹೊಗೆ ವಾಸನೆ ಬೇರೆ ಸೇರುತ್ತದೆ. ನಾಲ್ಕೈದು ದಿನ ಗಾಳಿಗೆ ಇಟ್ಟರೆ ವಾಸನೆ ಹೋಗುತ್ತದೆ. ಹೋಗದಿದ್ದರೆ ಆಗ ಡ್ರೈಕ್ಲೀನ್ ಯೋಚಿಸೋಣ, ರಫ್ ಮುಗಿದಿರುವುದರಿಂದ ಭಯ ಇಲ್ಲ.

ಇಡುವಾಗ ಪ್ಲಾಸ್ಟಿಕ್ ಬೇಡ. ಹಳೆ ಪಂಚೆಯಿಂದ ಒಂದು ಚೀಲ ಹೊಲಿದು ಅದರೊಳಗೆ ಹಾಕಿ. ನುಸಿಗುಳಿಗೆಯನ್ನು ಸಣ್ಣ ಬಟ್ಟೆಯಲ್ಲಿ ಕಟ್ಟಿ ಮೇಲೆ ಇಡಿ, ಕುಪ್ಯಕ್ಕೆ ತಾಗಬಾರದು. ಕರ್ಪೂರ ಹಾಕುವ ಅಭ್ಯಾಸ ಇದ್ದರೆ ಎರಡನ್ನೂ ಒಟ್ಟಿಗೆ ಹಾಕಬೇಡಿ, ಸೇರಿದರೆ ಕರಗಿ ಕಲೆ ಮಾಡುತ್ತವೆ. ಪುತ್ತರಿ ಆದ ಮೇಲೆ ಬೆವರು ಆರಿಸಿ, ಬ್ರಶ್ ಮಾಡಿಯೇ ಒಳಗಿಡಿ.

ಕಾಫಿಹೂ, ನಾಪೋಕ್ಲು

ಸರಿ ಅಕ್ಕ. ಅಪ್ಪನ ಪಂಚೆಯೇ ಇದೆ, ಚೀಲ ಅದರಲ್ಲೇ ಹೊಲಿಯುತ್ತೇನೆ. ಜರಿ ಅಂಚು ಪೂರ್ತಿ ಉಳಿದಿದೆ. ಅದನ್ನು ಏನು ಮಾಡಬಹುದು ಅಂತ ಹೊಸದಾಗಿ ಕೇಳುತ್ತೇನೆ. ವಿರಾಜಪೇಟೆ ಅಣ್ಣ, ಶುಕ್ರವಾರ ಮಡಿಕೇರಿ ಸಂತೆಗೆ ಬರುವವರಿದ್ದರೆ ತಿಳಿಸಿ. ಹೊಲಿಗೆ ಒಮ್ಮೆ ನಿಮಗೆ ತೋರಿಸಬೇಕು.